ಲೈಬ್ರರಿಗೆ ಬೀಗ, ಘರಪಟ್ಟಿಯಲ್ಲಿ ಗ್ರಂಥಾಲಯ ಕರ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಮ್ಮದು ಅಂಕೋಲಾ ತಾಲೂಕಿನಲ್ಲಿ ಸಮುದ್ರದ ಬದಿಯ ಊರು. ಗ್ರಾಮ ಪಂಚಾಯಿತಿ ಲೈಬ್ರರಿ ವಾರದಲ್ಲಿ ಎರಡು ಮೂರು ದಿನ ಮಾತ್ರ ತೆರೆದಿರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಅಂತ ಯಾರಿಗೂ ಗೊತ್ತಿಲ್ಲ. ಹೊಸ ಪುಸ್ತಕ ಬಂದದ್ದು ನೆನಪೇ ಇಲ್ಲ. ಕೇಳಿದರೆ ದುಡ್ಡಿಲ್ಲ ಎನ್ನುತ್ತಾರೆ. ಆದರೆ ಘರಪಟ್ಟಿ (ಮನೆ ತೆರಿಗೆ) ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಪ್ರತಿ ವರ್ಷ ಇರುತ್ತದೆ. ಆ ಹಣ ಎಲ್ಲಿಗೆ ಹೋಗುತ್ತದೆ? 'ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಈಗ ಲೈಬ್ರರಿ ಯಾಕೆ' ಅಂತ ಸದಸ್ಯರೊಬ್ಬರು ಕೇಳಿದರು. ಅವರಿಗೆ ಏನು ಹೇಳಲಿ?

ಉತ್ತರ: ರಸೀದಿಯನ್ನು ಪೂರ್ತಿ ಓದಿದ್ದೀರಲ್ಲ, ಅದಕ್ಕೇ ನನಗೆ ಖುಷಿಯಾಯಿತು. ಹೆಚ್ಚಿನವರು ಒಟ್ಟು ಮೊತ್ತ ನೋಡಿ ದುಡ್ಡು ಕೊಟ್ಟು ರಸೀದಿ ಮಡಚಿ ಇಡುತ್ತಾರೆ. ಹಾಗಾಗಿ ರಸೀದಿಯಿಂದಲೇ ಶುರು ಮಾಡೋಣ.

ಪಂಚಾಯಿತಿ ಮನೆ ತೆರಿಗೆಯ ಮೇಲೆ ನಾಲ್ಕು ಕರ ಬೀಳುತ್ತವೆ. ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ನಿಮ್ಮ ಮನೆಯ ತೆರಿಗೆ 1,200 ರೂಪಾಯಿ ಇದ್ದರೆ ಅದರ ಜೊತೆ ಲೈಬ್ರರಿಗೆ ಅಂತ 72 ರೂಪಾಯಿ ಕಟ್ಟುತ್ತೀರಿ. 72 ರೂಪಾಯಿ ಅಂದರೆ ಏನು ಮಹಾ ಅನ್ನಿಸಬಹುದು. ಊರಿನ ಲೆಕ್ಕ ಹಾಕಿ ನೋಡಿ. ಪಂಚಾಯಿತಿಯಲ್ಲಿ ಸಾವಿರ ಮನೆ, ಒಂದೊಂದಕ್ಕೆ ಸರಾಸರಿ 600 ರೂಪಾಯಿ ತೆರಿಗೆ ಅಂತ ಹಿಡಿಯಿರಿ. ಒಟ್ಟು 6 ಲಕ್ಷ. ಅದರ ಶೇ. 6 ಅಂದರೆ 36 ಸಾವಿರ. ಪುಸ್ತಕಕ್ಕೆ 200 ರೂಪಾಯಿ ಅಂದರೂ ವರ್ಷಕ್ಕೆ 180 ಪುಸ್ತಕ. ಎಲ್ಲ ಮನೆಯವರೂ ಪಟ್ಟಿ ಕಟ್ಟುವುದಿಲ್ಲ, ಬಾಕಿ ಇರುತ್ತದೆ, ಅರ್ಧವೇ ವಸೂಲಾಯಿತು ಅನ್ನಿ. ಆಗಲೂ 90 ಪುಸ್ತಕ ಬರಬೇಕು, ಅಥವಾ ಪುಸ್ತಕ ಕಡಿಮೆ ಮಾಡಿ ಒಂದೆರಡು ದಿನಪತ್ರಿಕೆ, ಮಕ್ಕಳ ಪತ್ರಿಕೆ ತರಿಸಬಹುದು. ಹಾಗಾಗಿ 'ದುಡ್ಡಿಲ್ಲ' ಎಂಬ ಮಾತನ್ನು ಹಾಗೇ ಒಪ್ಪಬೇಡಿ. ಕಡಿಮೆ ಇದೆ ಅಂದರೆ ಸರಿ. ಎಷ್ಟು ಬಂತು, ಎಷ್ಟು ಹೋಯಿತು ಅಂತ ಕೇಳುವ ಹಕ್ಕು ನಿಮಗಿದೆ.

ಈ ಕರ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು, ಜಾರಿಗೆ ಬಂದದ್ದು 1966ರ ನವೆಂಬರ್ 1ಕ್ಕೆ. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಈಗಲೂ ನಮ್ಮ ಹಿರಿಯರು ಲೈಬ್ರರಿ ಅನ್ನದೆ ವಾಚನಾಲಯ ಅನ್ನುತ್ತಾರೆ. ಊರಿನ ನಾಲ್ಕು ಜನ ಉಮೇದಿನವರು ಸೇರಿ, ಉಳ್ಳವರ ಹತ್ತಿರ ವರ್ಗಣಿ ಎತ್ತಿ, ಯಾರದೋ ಜಗುಲಿಯ ಮೇಲೆ ನಡೆಸುತ್ತಿದ್ದ ವಾಚನಾಲಯಗಳು ಅವು. ಬಹಳ ಒಳ್ಳೆಯ ಕೆಲಸ ಮಾಡಿದವು. ಆದರೆ ಉಮೇದಿನವರು ಮುದುಕರಾದಾಗ, ವರ್ಗಣಿ ನಿಂತಾಗ ಅವೂ ನಿಂತವು. ಮಹಾರಾಷ್ಟ್ರದಲ್ಲಿ 1967ರಲ್ಲಿ ಕಾಯ್ದೆ ಬಂತು, ಆದರೆ ಅಲ್ಲಿ ಗ್ರಂಥಾಲಯ ಕರ ಇಡಲಿಲ್ಲ. ನಮ್ಮಲ್ಲಿ ಇಟ್ಟರು. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು ಬಹಳ ಕಾಲದಿಂದ ಹೇಳುತ್ತಾ ಬಂದದ್ದೂ ಇದನ್ನೇ, ಲೈಬ್ರರಿ ದಾನಿಗಳ ದಾಕ್ಷಿಣ್ಯದ ಮೇಲೆ ನಡೆಯಬಾರದು, ಅದಕ್ಕೆ ಅಂತಲೇ ಕಾನೂನಿನಿಂದ ಬರುವ ದುಡ್ಡು ಇರಬೇಕು ಅಂತ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, ತೀರಿಕೊಂಡದ್ದೂ ಅಲ್ಲೇ, 1972ರಲ್ಲಿ.

ಅಂದರೆ ನೀವು ಲೈಬ್ರರಿ ತೆರೆಯಿರಿ ಅಂತ ಕೇಳುವುದು ಉಪಕಾರ ಕೇಳಿದ ಹಾಗಲ್ಲ. ದುಡ್ಡು ಕೊಟ್ಟಿದ್ದೀರಿ, ಸಾಮಾನು ಕೇಳುತ್ತಿದ್ದೀರಿ.

ಇನ್ನು ಯಾರನ್ನು ಕೇಳುವುದು. 2019ರವರೆಗೆ ಹಳ್ಳಿ ಲೈಬ್ರರಿಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. ಪಂಚಾಯಿತಿಯವರು ಕಾರವಾರದ ಕಡೆ ಕೈ ತೋರಿಸುತ್ತಿದ್ದರು, ಕಾರವಾರದವರು ಬೆಂಗಳೂರಿನ ಕಡೆ. ಆ ವರ್ಷ ಐದು ಸಾವಿರಕ್ಕೂ ಜಾಸ್ತಿ ಲೈಬ್ರರಿಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಬರೆದಿರುತ್ತದೆ. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ನಿಮ್ಮ ಮನೆಯ ಮಕ್ಕಳ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ಸಂವಿಧಾನದ 11ನೇ ಪರಿಚ್ಛೇದದಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ, ಅದರಲ್ಲಿ 20ನೆಯದು ಗ್ರಂಥಾಲಯ. ಹಾಗಾಗಿ ನೀವು ಬೇರೆಲ್ಲೂ ಅಲೆಯಬೇಕಾಗಿಲ್ಲ. ಕೇಳಬೇಕಾದವರು ನಿಮ್ಮೂರಿನಲ್ಲೇ ಇದ್ದಾರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮತ್ತು ನೀವೇ ಆರಿಸಿದ ಸದಸ್ಯರು.

ಮೇಲ್ವಿಚಾರಕರ ಮೇಲೆ ಮಾತ್ರ ಹರಿಹಾಯಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ. ಹಳ್ಳಿ ಲೈಬ್ರರಿ ನಡೆಸುವವರು ಎಷ್ಟೋ ವರ್ಷ ಬರಿಯ ಗೌರವಧನದ ಮೇಲೆ ದುಡಿದವರು. ಲೈಬ್ರರಿ ಮುಚ್ಚಿದೆ ಅಂದರೆ ಅವರು ಮನೆಯಲ್ಲಿ ಮಲಗಿದ್ದಾರೆ ಅಂತ ಅಲ್ಲ, ಯಾವುದೋ ಸರ್ವೆಗೆ ಮನೆ ಮನೆ ತಿರುಗುತ್ತಿರಬಹುದು, ಪಂಚಾಯಿತಿ ಕಂಪ್ಯೂಟರ್ ಮುಂದೆ ಕೂತಿರಬಹುದು. ಮೊದಲು ಹೋಗಿ ಅವರನ್ನೇ ಮಾತಾಡಿಸಿ. ಬಹಳ ಕಡೆ ನಾನು ಕಂಡದ್ದು ಏನೆಂದರೆ, ಲೈಬ್ರರಿ ತೆರೆಯಲಿ ಅಂತ ಊರಲ್ಲಿ ಎಲ್ಲರಿಗಿಂತ ಜಾಸ್ತಿ ಬಯಸುವವರು ಅವರೇ. ಅವರ ಬೆನ್ನಿಗೆ ಹತ್ತು ಜನ ನಿಂತರೆ ಅವರಿಗೂ ಮೇಲಿನವರ ಹತ್ತಿರ ಹೇಳಲು ಬಲ ಬರುತ್ತದೆ.

ಮಾತಾಡಿದರೂ ಆಗಲಿಲ್ಲ ಅಂದರೆ ಮಾಹಿತಿ ಹಕ್ಕು ಇದೆ. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಾಲು ಹೇಳುತ್ತೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮಿನಲ್ಲಿ, ಯಾರೂ ಅರ್ಜಿ ಹಾಕದೆಯೇ ಪ್ರತಿ ಸರಕಾರಿ ಕಚೇರಿ ತಾನಾಗಿ ಪ್ರಕಟಿಸಬೇಕಾದ 17 ಸಂಗತಿಗಳಿವೆ. ಅದರಲ್ಲಿ 15ನೆಯದು ಜನರಿಗೆ ಮಾಹಿತಿ ಪಡೆಯಲು ಏನೇನು ಅನುಕೂಲ ಇದೆ ಎಂಬುದು, ಮತ್ತು ಅಲ್ಲೇ ಸೇರಿಸಿ ಬರೆದಿದ್ದಾರೆ, ಸಾರ್ವಜನಿಕರಿಗಾಗಿ ಗ್ರಂಥಾಲಯ ಅಥವಾ ವಾಚನಾಲಯ ಇದ್ದರೆ ಅದರ ಕೆಲಸದ ವೇಳೆಯನ್ನೂ ಪ್ರಕಟಿಸಬೇಕು ಅಂತ. ಅಂದರೆ ನಿಮ್ಮ ಲೈಬ್ರರಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿರುವುದು ಸುಮ್ನೆ ಒಂದು ಅನಾನುಕೂಲ ಅಲ್ಲ, ಪಾರ್ಲಿಮೆಂಟು ಮಾಡಿದ ಕಾಯ್ದೆಯ ಒಂದು ಸಾಲು ನಿಮ್ಮೂರಲ್ಲಿ ನಡೆಯುತ್ತಿಲ್ಲ ಅಂತ ಅರ್ಥ. ಬಾಗಿಲ ಮೇಲೆ ವೇಳೆ ಬರೆಯಲು ಒಂದು ಡಬ್ಬ ಬಣ್ಣ ಸಾಕು, ಅಲ್ವಾ? ಅರ್ಜಿಗೂ ಮೊದಲು ಇದೊಂದನ್ನು ಪಿಡಿಒ ಅವರಿಗೆ ತೋರಿಸಿ ಕೇಳಿ. ಎಷ್ಟೋ ಸಲ ಇಷ್ಟಕ್ಕೇ ಕೆಲಸ ಆಗುತ್ತದೆ.

ಅರ್ಜಿ ಹಾಕುವುದೇ ಆದರೆ ಒಂದು ವಿಷಯ ನೆನಪಿಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, ಸಾಮಾನ್ಯವಾಗಿ 150 ಶಬ್ದ ಮೀರಬಾರದು. ಆದ್ದರಿಂದ ಲೈಬ್ರರಿಯ ಜೊತೆ ರಸ್ತೆ, ಗಟಾರ, ಬೀದಿ ದೀಪ ಎಲ್ಲ ತುಂಬಬೇಡಿ. ಇನ್ನೊಂದು, 'ಯಾಕೆ ತೆರೆದಿಲ್ಲ', 'ಯಾಕೆ ಪುಸ್ತಕ ತಂದಿಲ್ಲ' ಅಂತ ಬರೆಯಬೇಡಿ. ಸಿಟ್ಟಿನಲ್ಲಿ ಎಲ್ಲರೂ ಹಾಗೇ ಬರೆಯುತ್ತಾರೆ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು, ಯಾಕೆ ಎಂಬುದಕ್ಕೆ ದಾಖಲೆ ಇರುವುದಿಲ್ಲ, ಅರ್ಜಿ ತಿರುಗಿ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ. ಹೆಚ್ಚು ಕಡಿಮೆ ಹೀಗೆ:

'ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಗ್ರಾಮ ಪಂಚಾಯಿತಿ ಕಾರ್ಯಾಲಯ, ಇವರಿಗೆ. ವಿಷಯ: ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯ. ಕಳೆದ ಮೂರು ಹಣಕಾಸು ವರ್ಷಗಳಲ್ಲಿ ವರ್ಷವಾರು ವಸೂಲಾದ ಗ್ರಂಥಾಲಯ ಕರದ ಮೊತ್ತ. ಅದೇ ವರ್ಷಗಳಲ್ಲಿ ಗ್ರಂಥಾಲಯಕ್ಕೆ ಮಾಡಿದ ವೆಚ್ಚದ ವಿವರ ಮತ್ತು ಓಚರುಗಳ ಪ್ರತಿ. ಬೇರೆ ಕಚೇರಿಗೆ ಕರದ ಹಣ ಸಂದಾಯ ಮಾಡಿದ್ದರೆ ಅದರ ದಾಖಲೆಯ ಪ್ರತಿ. ಈ ಅವಧಿಯಲ್ಲಿ ಪುಸ್ತಕ ದಾಖಲಾತಿ ರಿಜಿಸ್ಟರಿನಲ್ಲಿ ಸೇರಿದ ಪುಟಗಳ ಪ್ರತಿ. 4(1)(ಬಿ) ಕಲಮಿನ ಪ್ರಕಾರ ಪ್ರಕಟಿಸಿದ ಗ್ರಂಥಾಲಯದ ವೇಳೆಯ ಪ್ರತಿ. ಇಷ್ಟನ್ನು ಒದಗಿಸಬೇಕಾಗಿ ಕೋರಿಕೆ.'

ಸಾಕು. ಜಾಸ್ತಿ ಬೇಡ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕ ಇಲ್ಲ, ಕಾರ್ಡಿನ ಪ್ರತಿ ಹಚ್ಚಿ. ಕೈಯಲ್ಲಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಶಿಕ್ಕಾ, ಸಹಿ, ತಾರೀಕು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಉತ್ತರಕ್ಕೆ 30 ದಿನ. ಆ ಅವಧಿ ದಾಟಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕಾಗುತ್ತದೆ. ಬರಲಿಲ್ಲ ಅಥವಾ ಅರ್ಧಂಬರ್ಧ ಬಂತು ಅಂದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗಲಿಲ್ಲ ಅಂದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಅಲ್ಲಿ ಸರದಿ ಉದ್ದ ಇದೆ, ವರ್ಷವೂ ಹಿಡಿಯಬಹುದು, ಅದನ್ನು ಮುಚ್ಚಿಟ್ಟು ಹೇಳಲಾರೆ. ಅದಕ್ಕೇ ಪ್ರತಿ ಕೇಳುವ ಬದಲು ದಾಖಲೆ ನೋಡಲು ಬಿಡಿ ಅಂತ ಕೇಳುವುದೂ ಒಂದು ದಾರಿ, ಕಾಯ್ದೆಯಲ್ಲಿ ಅದಕ್ಕೂ ಹಕ್ಕಿದೆ. ಒಂದು ಬೆಳಿಗ್ಗೆ ಇಬ್ಬರು ಹೋಗಿ ಕೂತು ರಿಜಿಸ್ಟರು ತೆರೆದರೆ ಅರ್ಧ ಗಂಟೆಯಲ್ಲಿ ವಿಷಯ ತಿಳಿಯುತ್ತದೆ.

ಮಾಹಿತಿ ಸಿಕ್ಕ ಮೇಲೆ ಅದನ್ನು ಗ್ರಾಮಸಭೆಗೆ ತೆಗೆದುಕೊಂಡು ಹೋಗಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಅಂಕಿ ಓದಿ ಹೇಳಿ, ವೇಳೆ ಇಷ್ಟರಿಂದ ಇಷ್ಟರವರೆಗೆ ಇರಬೇಕು ಅಂತ ಠರಾವು ಬರೆಸಿ. ಬರೆಸಿ ಅಂತ ಒತ್ತಿ ಹೇಳುತ್ತೇನೆ, 'ಆಗಲಿ ನೋಡೋಣ' ಅನ್ನಿಸಿಕೊಂಡು ಬರುವುದಲ್ಲ. ನಡಾವಳಿ ಪುಸ್ತಕದಲ್ಲಿ ಬಂದದ್ದು ಮುಂದಿನ ಸಭೆಯಲ್ಲಿ ಮತ್ತೆ ಕೇಳಲು ಆಧಾರವಾಗುತ್ತದೆ.

ಈಗ, ಲೈಬ್ರರಿ ಮುಚ್ಚಿದರೆ ಆಗುವ ಇನ್ನೊಂದು ನಷ್ಟದ ಬಗ್ಗೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ.

ನಾನು ಕೆಲಸದಲ್ಲಿದ್ದಾಗ ಒಂದು ಊರಿನ ಲೈಬ್ರರಿ ಒಂದು ಪೂರ್ತಿ ಮಳೆಗಾಲ ಬೀಗದಲ್ಲಿತ್ತು. ದೀಪಾವಳಿ ಹೊತ್ತಿಗೆ ತೆರೆಯಲು ಹೋದೆವು. ಬೀಗ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ, ಪಕ್ಕದ ಮನೆಯಿಂದ ತೆಂಗಿನೆಣ್ಣೆ ತಂದು ಬಿಟ್ಟೆವು. ಬಾಗಿಲು ತೆರೆದ ಕೂಡಲೇ ಬೂಷ್ಟಿನ ವಾಸನೆ. ಮೊದಲ ನೋಟಕ್ಕೆ ಕಪಾಟಿನಲ್ಲಿ ಪುಸ್ತಕ ಸಾಲಾಗಿ ನಿಂತಿದ್ದವು, ಏನೂ ಆಗಿಲ್ಲ ಅನ್ನಿಸಿತು. ಕೆಳಗಿನ ಸಾಲಿನ ಒಂದು ಪುಸ್ತಕ ಎಳೆದೆ. ಬೆನ್ನಿನ ರಟ್ಟು ಮಾತ್ರ ಕೈಗೆ ಬಂತು. ಒಳಗೆ ಕಾಗದ ಇರಲಿಲ್ಲ, ಮಣ್ಣಿತ್ತು. ನೆಲದ ಬಿರುಕಿನಿಂದ ಒರಲೆ ಗೋಡೆ ಹಿಡಿದು ಹತ್ತಿ, ಕಪಾಟಿನ ಹಿಂಬದಿಯಿಂದ ಒಳಗೆ ಬಂದು, ಇಡೀ ಸಾಲನ್ನು ಒಳಗಿಂದಲೇ ತಿಂದು ಹೋಗಿತ್ತು. ಮೇಲಿನ ಸಾಲಿನಲ್ಲಿ ಮಕ್ಕಳ ಬಣ್ಣದ ಪುಸ್ತಕ ಇದ್ದವು. ನುಣುಪು ಕಾಗದ ಥಂಡಿಗೆ ಒಂದಕ್ಕೊಂದು ಅಂಟಿ ಹಲಗೆಯ ಹಾಗಾಗಿತ್ತು. ಬಿಡಿಸಲು ಹೋದರೆ ಆನೆಯ ಸೊಂಡಿಲು ಆ ಪುಟಕ್ಕೆ, ಮೈ ಈ ಪುಟಕ್ಕೆ.

ಆಮೇಲೆ ರಿಜಿಸ್ಟರು ನೋಡಿದೆವು. ಹನ್ನೊಂದು ಪುಸ್ತಕ ಹೊರಗೆ ಹೋಗಿದ್ದವು, ಬೀಗ ಬೀಳುವ ಮೊದಲು ಊರವರು ಒಯ್ದದ್ದು, ತಿರುಗಿ ಕೊಡಲು ಆಗಿರಲಿಲ್ಲ. ಮನೆ ಮನೆಗೆ ಹೋದೆವು. ಒಂದಕ್ಕೆ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿದ್ದರು. ಇನ್ನೊಂದನ್ನು ಒಬ್ಬರು ಅಜ್ಜಿ ಒಲೆಯ ಮೇಲಿನ ಅಟ್ಟದಿಂದ ಇಳಿಸಿ ಕೊಟ್ಟರು, ಹೊಗೆಗೆ ಕಂದು ಬಣ್ಣಕ್ಕೆ ತಿರುಗಿತ್ತು, ಆದರೆ ಒಂದು ಪುಟವೂ ಸಡಿಲ ಆಗಿರಲಿಲ್ಲ. 'ಮೊಮ್ಮಗಳು ಎರಡು ಸಲ ಓದಿದಳು, ದಂಡ ಎಷ್ಟಾಯಿತು' ಅಂತ ಕೇಳಿದರು. ಹನ್ನೊಂದಕ್ಕೆ ಹನ್ನೊಂದೂ ಸುರಕ್ಷಿತ. ಬೀಗ ಹಾಕಿ ಕಾಪಾಡಿದ್ದು ಹೋಯಿತು, ಜನ ಒಯ್ದದ್ದು ಉಳಿಯಿತು. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಸಲು ಅಂತ. ಅದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ದಿನ.

ಆದ್ದರಿಂದ ಸಭೆಯಲ್ಲಿ ಇದನ್ನೂ ಹೇಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗೋಡೆ ಒಣಗುವುದಿಲ್ಲ. ದಿನಾ ಬಾಗಿಲು, ಕಿಟಕಿ ತೆರೆದು ಫ್ಯಾನ್ ತಿರುಗಿದರೆ, ಜನ ಪುಸ್ತಕ ತೆಗೆದು ಇಟ್ಟು ಮಾಡಿದರೆ ಗಾಳಿ ಆಡುತ್ತದೆ. ಕಪಾಟು ಗೋಡೆಗೆ ತಾಗಬಾರದು, ನಾಲ್ಕು ಇಂಚಾದರೂ ಬಿಡಬೇಕು. ಕಾಲಿನ ಕೆಳಗೆ ಕಲ್ಲು ಇಟ್ಟು ಎತ್ತರಿಸಬೇಕು. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕಬಾರದು, ನೆರಳಿನಲ್ಲಿ ಫ್ಯಾನಿನ ಕೆಳಗೆ ಬಿಡಿಸಿ ಇಡಬೇಕು. ಡಾಂಬರು ಗುಳಿಗೆ ಸಣ್ಣ ಹುಳಕ್ಕೆ ಆಗುತ್ತದೆ, ಒರಲೆಗೆ ಅದು ಲೆಕ್ಕಕ್ಕಿಲ್ಲ. ಒರಲೆಗೆ ಮದ್ದು ನೆಲಕ್ಕೆ ಹೊಡೆಯಬೇಕು.

ಇನ್ನು ಮೊಬೈಲ್ ಮಾತು. ಆ ಸದಸ್ಯರ ಜೊತೆ ಜಗಳ ಬೇಡ, ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. 2020ರಿಂದ ರಾಜ್ಯದ ಡಿಜಿಟಲ್ ಗ್ರಂಥಾಲಯವೂ ಇದೆ, ಫೋನಿನಲ್ಲೇ ಓದಬಹುದು, ಒಳ್ಳೆಯದೇ. ಆದರೆ ಅದೇ 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಜಿಲ್ಲೆಯ ಘಟ್ಟದ ಮೇಲಿನ ಮಕ್ಕಳು ನೆಟ್‌ವರ್ಕ್ ಸಿಗಲಿ ಅಂತ ಗುಡ್ಡ ಹತ್ತಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತು ಪಾಠ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಮನೆಯಲ್ಲಿ ಒಂದು ಫೋನ್ ಇದ್ದರೆ ಅದು ಅಪ್ಪನ ಜೊತೆ ದೋಣಿಯ ಮೇಲೆ ಹೋಗಿರುತ್ತದೆ. ಎಸ್‌ಡಿಎ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗಿಗೆ ಬೇಕಾದದ್ದು ಫೋನ್ ಮಾತ್ರ ಅಲ್ಲ. ಸಂಜೆ ಆರರಿಂದ ಎಂಟರವರೆಗೆ ಒಂದು ಮೇಜು, ಒಂದು ದೀಪ, ಯಾರೂ ಕರೆಯದ ಎರಡು ಗಂಟೆ. ಅದು ಮನೆಯಲ್ಲಿ ಸಿಗುವುದಿಲ್ಲ. ಸದಸ್ಯರಿಗೆ ಇಷ್ಟನ್ನು ಹೇಳಿ, ಅವರ ಮನೆಯಲ್ಲೂ ಓದುವ ಮಕ್ಕಳಿರಬಹುದು.

ಮತ್ತೆ ಫೋನಿನಲ್ಲಿ ಸಿಗದ, ಸಿಕ್ಕರೂ ಓದಲಾಗದ ಕಾಗದಗಳಿವೆ. ನೀವು ಅಂಕೋಲೆಯವರು, ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಕೇಣಿಯ ಬಂದರು, ಹೊನ್ನಾವರದ ಕಾಸರಕೋಡಿನ ಬಂದರು, ಮೇಲೆ ಬೇಡ್ತಿ-ವರದಾ ನದಿ ಜೋಡಣೆ, ನಮ್ಮ ಜಿಲ್ಲೆಗೆ ಒಂದರ ಹಿಂದೆ ಒಂದು ಯೋಜನೆ ಬರುತ್ತಿರುತ್ತವೆ. ಬೇಕು ಎನ್ನುವವರಿದ್ದಾರೆ, ಬೇಡ ಎನ್ನುವವರಿದ್ದಾರೆ, ನಾನು ಈಗ ಅದಕ್ಕೆ ಹೋಗುವುದಿಲ್ಲ. ಆದರೆ ಎರಡೂ ಕಡೆಯವರು ಮೊದಲು ಓದಬೇಕಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಬೇಕಾದ ಯೋಜನೆ ಇದ್ದರೆ, ಜನ ತಯಾರಾಗಲು ಕನಿಷ್ಠ 30 ದಿನದ ನೋಟೀಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿಯಂಥ ಗೊತ್ತಾದ ಕಡೆಗಳಲ್ಲಿ ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ನೋಡಲು ಇಡಬೇಕು. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಬೆಳಿಗ್ಗೆ ಮೀನು ಇಳಿಸಿ, ಮಾರಿ, ಬಲೆ ತೊಳೆದು ಮನೆಗೆ ಬರುವ ಮನುಷ್ಯ ಕಾರವಾರದ ಕಚೇರಿಗೆ ಹೋಗಿ ನೂರಾರು ಪುಟದ ಇಂಗ್ಲಿಷ್ ವರದಿಯ ಮುಂದೆ ಯಾವಾಗ ಕೂರಬೇಕು? ಕಚೇರಿ ವೇಳೆ ಮುಗಿದ ಮೇಲೇ ಅವನಿಗೆ ಬಿಡುವು. ಊರಿನ ಲೈಬ್ರರಿ ಸಂಜೆ ತೆರೆದಿದ್ದು, ಆ ವರದಿಯ ಒಂದು ಪ್ರತಿ ಅಲ್ಲಿ ಮೇಜಿನ ಮೇಲಿದ್ದು, ಇಂಗ್ಲಿಷ್ ಬಲ್ಲ ಕಾಲೇಜು ಹುಡುಗರಿಬ್ಬರು ಪಕ್ಕ ಕೂತು ಓದಿ ಹೇಳಿದರೆ, ಅಹವಾಲು ಸಭೆಯಲ್ಲಿ ಅವನು ಪುಟದ ನಂಬರು ಹಿಡಿದು ಮಾತಾಡುತ್ತಾನೆ. ಕೂಗಿದ ಮಾತು ಗಾಳಿಗೆ ಹೋಗುತ್ತದೆ. ಪುಟ ಹಿಡಿದು ಕೇಳಿದ ಪ್ರಶ್ನೆ ನಡಾವಳಿಯಲ್ಲಿ ಬರೆಯಲ್ಪಡುತ್ತದೆ. ಇಂಥ ದಾಖಲೆ ಬಂದಾಗ ಲೈಬ್ರರಿಯಲ್ಲಿ ಒಂದು ಪ್ರತಿ ಇಡಬೇಕು ಅಂತ ಈಗಲೇ ಗ್ರಾಮಸಭೆಯಲ್ಲಿ ಠರಾವು ಮಾಡಿಸಿಡಿ. ಪಂಚಾಯಿತಿಯ ಬಜೆಟ್, ಫಲಾನುಭವಿಗಳ ಪಟ್ಟಿ, ಕಾಮಗಾರಿಗಳ ವಿವರ ಇವನ್ನೂ ಅಲ್ಲೇ ಇಡಬಹುದು, ಅದಕ್ಕೆ ದುಡ್ಡೂ ಬೇಡ, ಒಂದು ಫೈಲು ಸಾಕು.

ಸಮಯ ಸಿಕ್ಕಾಗ ಒಮ್ಮೆ ಪಣಜಿಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಬನ್ನಿ, ಕಾರವಾರ ದಾಟಿದರೆ ಎರಡು ಮೂರು ತಾಸಿನ ದಾರಿ. 1832ರಲ್ಲಿ ಪೋರ್ತುಗೀಸರ ಕಾಲದಲ್ಲಿ ಶುರುವಾದದ್ದು, ಇವತ್ತಿಗೂ ಮಕ್ಕಳು ಬ್ಯಾಗು ಇಟ್ಟು ಓಡಿ ಒಳಗೆ ಹೋಗುತ್ತಾರೆ. ನಿಮ್ಮ ಸದಸ್ಯರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಸದ್ಯಕ್ಕೆ ಮೊದಲ ಕೆಲಸ ಮೇಲ್ವಿಚಾರಕರ ಹತ್ತಿರ ಒಂದು ಮಾತು, ಎರಡನೆಯದು ಬಾಗಿಲ ಮೇಲೆ ವೇಳೆ. ಮಳೆ ಶುರುವಾಗುವ ಮೊದಲು ಇಬ್ಬರು ಹುಡುಗರನ್ನು ಕರೆದು ಕಪಾಟುಗಳನ್ನು ಗೋಡೆಯಿಂದ ಈಚೆ ಎಳೆಸಿ. ಅರ್ಜಿಗೆ ಉತ್ತರ ಬಂದಾಗ ಓಚರು, ಲೆಕ್ಕದ ಪುಟ ಓದಲು ತೊಡಕಾದರೆ ನನಗೆ ಪ್ರತಿ ಕಳಿಸಿ, ಕೂತು ಓದೋಣ.